ತಂಪಿದ್ದರೂ ಬಿಸಿಲು ಬಿಡಲ್ಲ: 50 ದಾಟಿದವರಿಗೆ ಸನ್‌ಸ್ಕ್ರೀನ್ ಯಾವುದು, ಎಷ್ಟು, ಹೇಗೆ?

ಸಕಲೇಶಪುರ/ಆಲೂರು: ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಮಂಜು, ಮಧ್ಯಾಹ್ನ ಚುರುಕು ಬಿಸಿಲು, ಸಂಜೆ ಮತ್ತೆ ಚಳಿ. ಕಣದಲ್ಲಿ ಕಾಫಿ ಹರಡಿ, ತಿರುವಿ, ರಾಶಿ ಮಾಡುವವರಿಗೆ ಗಾಳಿ ತಂಪಾಗಿರುವುದರಿಂದ ಬಿಸಿಲು ತಾಗಿದ್ದೇ ಗೊತ್ತಾಗುವುದಿಲ್ಲ. ಸೀಸನ್ ಮುಗಿಯುವ ಹೊತ್ತಿಗೆ ಕೆನ್ನೆಯ ಭಂಗು ಗಾಢವಾಗಿರುತ್ತದೆ, ಅಂಗೈ ಹಿಂಭಾಗ ಕಪ್ಪಾಗಿ ಒರಟಾಗಿರುತ್ತದೆ. "ವಯಸ್ಸಾಯ್ತಲ್ಲ, ಬಿಡಿ" ಅಂತ ಸುಮ್ಮನಾಗುವವರೇ ಹೆಚ್ಚು.

ಇದರಲ್ಲಿ ವಯಸ್ಸಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಅಂತ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ಅಂಗೈ ಹಿಂಭಾಗದ ಚರ್ಮವನ್ನೂ ತೋಳಿನ ಒಳಭಾಗದ ಚರ್ಮವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ವಯಸ್ಸು ಒಂದೇ. ವ್ಯತ್ಯಾಸ ಬಂದಿರುವುದು ಬಹುಪಾಲು ಬಿಸಿಲಿನಿಂದ.

ಬಿಸಿ ಬೇರೆ, ಕಿರಣ ಬೇರೆ

ಮೈಗೆ ತಾಗುವ ಬಿಸಿಯೂ ಚರ್ಮ ಕೆಡಿಸುವ ನೇರಳಾತೀತ ಕಿರಣವೂ ಒಂದೇ ಅಲ್ಲ. ಈ ಕಿರಣದಲ್ಲಿ ಎರಡು ಬಗೆ ನಮ್ಮವರೆಗೆ ಬರುತ್ತವೆ. ಯುವಿ-ಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ. ಯುವಿ-ಎ ಇನ್ನೂ ಒಳಗಿಳಿದು ಚರ್ಮವನ್ನು ಬಿಗಿಯಾಗಿ ಹಿಡಿದಿರುವ ನಾರನ್ನು ಸಡಿಲ ಮಾಡುತ್ತದೆ. ಸುಕ್ಕು, ಜೋಲುವುದು, ಕಪ್ಪು ಕಲೆಗೆ ಮುಖ್ಯ ಕಾರಣ ಇದೇ. ಯುವಿ-ಎ ಕಿಟಕಿ ಗಾಜನ್ನೂ ದಾಟುತ್ತದೆ. ಹಾಗಾಗಿ ಗಾಜು ಏರಿಸಿಕೊಂಡು ದಿನವಿಡೀ ಕಾರು, ಜೀಪು ಓಡಿಸುವವರ ಬಲಗೆನ್ನೆ, ಬಲಗೈಗೂ ಇದು ತಾಗುತ್ತದೆ.

ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಪ್ರತಿ 1000 ಮೀಟರ್ ಮೇಲೇರಿದಾಗ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಅಂದರೆ ಘಟ್ಟದ ಕೆಳಗಿನ ಮಂಗಳೂರಿಗಿಂತ ಇಲ್ಲಿ ಸೆಕೆ ಕಡಿಮೆ, ಆದರೆ ಆಕಾಶ ಶುಭ್ರವಾಗಿದ್ದರೆ ಕಿರಣ ಕಡಿಮೆ ಇರುವುದಿಲ್ಲ. ತೆಳು ಮೋಡ, ಮಂಜು ಇದನ್ನು ಪೂರ್ತಿ ತಡೆಯುವುದೂ ಇಲ್ಲ. ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ಈ ಭಾಗದಲ್ಲಿ ನೆತ್ತಿಯ ನೇರಕ್ಕೇ ಬರುತ್ತಾನೆ. ಆಗಸ್ಟಿನಲ್ಲಿ ಮಳೆ ಮೋಡ ಸರಿದು ಒಂದು ಗಂಟೆ ಬಿಸಿಲು ಬಿದ್ದರೂ ಅದು ಚುರುಕೇ.

ಇದಕ್ಕೆ ಸುಲಭದ ಲೆಕ್ಕ ನೆರಳು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ಹೆಚ್ಚುಕಡಿಮೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಈ ಹೊತ್ತು.

ಮೊದಲು ಬಟ್ಟೆ, ಆಮೇಲೆ ಟ್ಯೂಬು

ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆ ಮೇಲೆ ಹಳೇ ತುಂಬುತೋಳಿನ ಶರ್ಟು ಹಾಕಿ, ತಲೆಗೆ ಬಟ್ಟೆ ಕಟ್ಟುವುದು ಎಲ್ಲರೂ ನೋಡಿರುವಂಥದ್ದೇ. ಯಾವ ಕ್ರೀಮಿಗಿಂತಲೂ ಇದು ಮೇಲು. ಬಟ್ಟೆ ಬೆವರಿಗೆ ಅಳಿಸಿ ಹೋಗಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಿಲ್ಲ, ದುಡ್ಡೂ ಬೇಕಿಲ್ಲ. ಒತ್ತು ನೇಯ್ಗೆಯ, ಗಾಢ ಬಣ್ಣದ ಬಟ್ಟೆಯಾದರೆ ಇನ್ನೂ ಒಳ್ಳೆಯದು.

ಮರದ ನೆರಳಿನ ಕಾಫಿ ತೋಟಕ್ಕೂ ಆಲೂರು ಕಡೆಯ ಬಯಲು ಶುಂಠಿ, ಜೋಳ, ಆಲೂಗಡ್ಡೆ ಹೊಲಕ್ಕೂ ವ್ಯತ್ಯಾಸ ಇದೆ. ಹೊಲದಲ್ಲಿ ನೆರಳೇ ಇಲ್ಲ. ಮರಗಸಿ ಮುಗಿದ ತೋಟದಲ್ಲೂ ನೆರಳು ತೆಳುವಾಗಿರುತ್ತದೆ. ಅಗಲ ಅಂಚಿನ ಟೋಪಿ ಇದ್ದರೆ ಕಿವಿ, ಕುತ್ತಿಗೆ ಎರಡೂ ಉಳಿಯುತ್ತವೆ. ಕ್ರಿಕೆಟ್ ಟೋಪಿಯಲ್ಲಿ ಅವೆರಡೂ ಬಯಲೇ. ಕೊಡೆ ಮೇಲಿನ ಬಿಸಿಲನ್ನು ತಡೆದರೂ ಸಿಮೆಂಟ್ ಕಣದಿಂದ, ಸುತ್ತಲಿನ ಆಕಾಶದಿಂದ ಬರುವ ಕಿರಣ ಮುಖಕ್ಕೆ ತಾಗುತ್ತದೆ.

ಸನ್‌ಸ್ಕ್ರೀನ್ ಬೇಕಾಗುವುದು ಬಟ್ಟೆ ಮುಚ್ಚದ ಜಾಗಕ್ಕೆ: ಮುಖ, ಕಿವಿ, ಕುತ್ತಿಗೆಯ ಹಿಂದೆ, ಅಂಗೈ ಹಿಂಭಾಗ, ಪಾದದ ಮೇಲ್ಭಾಗ. ಕೂದಲು ಉದುರಿದ ಗಂಡಸರಿಗೆ ನೆತ್ತಿಗೂ ಬೇಕು.

ಲೇಬಲ್‌ನಲ್ಲಿ ಏನು ನೋಡಬೇಕು?

ಎಸ್‌ಪಿಎಫ್ ಎಂಬ ಸಂಖ್ಯೆ ಮುಖ್ಯವಾಗಿ ಯುವಿ-ಬಿ ತಡೆಯುವ ಶಕ್ತಿಯನ್ನು ಹೇಳುತ್ತದೆ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 15 ಸುಮಾರು ಶೇ 93, ಎಸ್‌ಪಿಎಫ್ 30 ಸುಮಾರು ಶೇ 97, ಎಸ್‌ಪಿಎಫ್ 50 ಸುಮಾರು ಶೇ 98ರಷ್ಟು ತಡೆಯುತ್ತದೆ. 30 ದಾಟಿದ ಮೇಲೆ ಸಂಖ್ಯೆ ಏರಿದಷ್ಟು ರಕ್ಷಣೆ ಏರುವುದಿಲ್ಲ. ದಿನಬಳಕೆಗೆ 30 ಸಾಕು. ಬಯಲಲ್ಲಿ ದುಡಿಯುವವರು, ಭಂಗು ಇರುವವರು, ತೊನ್ನಿನ ಬಿಳಿ ಮಚ್ಚೆ ಇರುವವರು 50 ತೆಗೆದುಕೊಂಡರೆ ಒಳ್ಳೆಯದು.

ಎಸ್‌ಪಿಎಫ್ ಒಂದನ್ನೇ ನೋಡಿ ಕೊಂಡರೆ ಸುಕ್ಕು, ಕಲೆ ತರುವ ಯುವಿ-ಎ ಬಗ್ಗೆ ಏನೂ ತಿಳಿಯುವುದಿಲ್ಲ. ಅದಕ್ಕೆ 'ಬ್ರಾಡ್ ಸ್ಪೆಕ್ಟ್ರಂ' ಎಂಬ ಮಾತು ಅಥವಾ 'ಪಿಎ' ಗುರುತು ಇದೆಯೇ ನೋಡಬೇಕು. ಪಿಎ ಮುಂದೆ ಪ್ಲಸ್ ಗುರುತು ಜಾಸ್ತಿ ಇದ್ದಷ್ಟೂ ರಕ್ಷಣೆ ಜಾಸ್ತಿ. ಮೂರು ಅಥವಾ ನಾಲ್ಕು ಪ್ಲಸ್ ಇರುವುದನ್ನು ಆರಿಸಿಕೊಳ್ಳಿ. 'ಆ್ಯಂಟಿ ಏಜಿಂಗ್' ಎಂಬ ದೊಡ್ಡ ಅಕ್ಷರಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಚೆನ್ನಾಗಿ ಕೆಲಸ ಮಾಡುವ ಸಾದಾ ಸನ್‌ಸ್ಕ್ರೀನೇ ಆ ಕೆಲಸವನ್ನೂ ಮಾಡುತ್ತದೆ.

ಆಸ್ಟ್ರೇಲಿಯಾದ ನ್ಯಾಂಬೂರ್ ಎಂಬ ಊರಿನಲ್ಲಿ 55ಕ್ಕಿಂತ ಕಡಿಮೆ ವಯಸ್ಸಿನ 903 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಮನಸ್ಸಾದಾಗ ಹಚ್ಚಿದವರಿಗೆ ಹೋಲಿಸಿದರೆ, ನಾಲ್ಕೂವರೆ ವರ್ಷ ದಿನಾ ಹಚ್ಚಿದವರಲ್ಲಿ ಚರ್ಮ ಮುಪ್ಪಾದ ಲಕ್ಷಣ ಶೇ 24ರಷ್ಟು ಕಡಿಮೆ ಇತ್ತು. ಅವರಲ್ಲಿ ಹೆಚ್ಚಿನವರದು ಬಿಳಿ ಚರ್ಮ. ನಮ್ಮ ಬಣ್ಣದ ಚರ್ಮ ಸುಲಭಕ್ಕೆ ಸುಡುವುದಿಲ್ಲ, ಸುಕ್ಕೂ ತಡವಾಗಿ ಬರುತ್ತದೆ. ಆದರೆ ಭಂಗು, ಕಪ್ಪು ಕಲೆಯ ಕಾಟ ನಮಗೇ ಜಾಸ್ತಿ.

ವಯಸ್ಸಾದ ಚರ್ಮಕ್ಕೆ ಯಾವುದು?

ವಯಸ್ಸಾದಂತೆ, ಅದರಲ್ಲೂ ಹೆಂಗಸರಿಗೆ ಮುಟ್ಟು ನಿಂತ ಮೇಲೆ, ಚರ್ಮ ತೆಳುವಾಗುತ್ತದೆ, ಎಣ್ಣೆ ಅಂಶ ಕಡಿಮೆಯಾಗುತ್ತದೆ. ಹರೆಯದವರಿಗೆ ಹಿಡಿಸುವ ಜೆಲ್, ಸ್ಪ್ರೇಗಳಲ್ಲಿ ಆಲ್ಕೋಹಾಲ್ ಹೆಚ್ಚಿದ್ದರೆ ಅಜ್ಜಿಯ ಕೆನ್ನೆಗೆ ಉರಿ, ಬಿಗಿತ ತರಬಹುದು. ಇವರಿಗೆ ಕ್ರೀಮ್ ಅಥವಾ ಲೋಷನ್ ರೂಪದ, ಪರಿಮಳ ಹಾಕದ ಸನ್‌ಸ್ಕ್ರೀನ್ ಹೊಂದುತ್ತದೆ.

ಕಣ್ಣು ಉರಿಯುವವರಿಗೆ, ಅಲರ್ಜಿ ಇರುವವರಿಗೆ ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದು ಹಿತ. ಮುಖ ಸ್ವಲ್ಪ ಬೆಳ್ಳಗೆ ಬೂದಿ ಬಳಿದಂತೆ ಕಾಣುತ್ತದೆ ಎಂಬುದೊಂದೇ ತೊಂದರೆ. ಭಂಗು ಇರುವವರಿಗೆ 'ಟಿಂಟೆಡ್', ಅಂದರೆ ಚರ್ಮದ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಕಣ್ಣಿಗೆ ಕಾಣುವ ಬೆಳಕೂ ಭಂಗನ್ನು ಹೆಚ್ಚಿಸುತ್ತದೆ. ಅದನ್ನು ತಡೆಯಲು ಇದರಲ್ಲಿರುವ ಐರನ್ ಆಕ್ಸೈಡ್ ಸಹಾಯ ಮಾಡುತ್ತದೆ.

ಹೊಸದು ಯಾವುದೇ ಇರಲಿ, ಮೊದಲು ಎರಡು–ಮೂರು ದಿನ ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ. ತುರಿಕೆ, ಕೆಂಪು ಬಾರದಿದ್ದರೆ ಮುಖಕ್ಕೆ ಹಚ್ಚಿ.

ಎರಡು ಬೆರಳಿನ ಲೆಕ್ಕ

ಹೆಚ್ಚಿನವರ ದುಡ್ಡು ಹಾಳಾಗುವುದು ಇಲ್ಲೇ. ಪೊಟ್ಟಣದ ಮೇಲಿನ ಎಸ್‌ಪಿಎಫ್ ಸಿಗಬೇಕಾದರೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧವೋ ಕಾಲು ಭಾಗವೋ. ಆಗ ಎಸ್‌ಪಿಎಫ್ 50ರ ರಕ್ಷಣೆಯೂ ತೀರಾ ಕೆಳಗೆ ಇಳಿಯುತ್ತದೆ.

ತೋರುಬೆರಳು, ನಡುಬೆರಳಿನ ಬುಡದಿಂದ ತುದಿವರೆಗೆ ಎರಡು ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಮುಖ, ಕುತ್ತಿಗೆಗೆ ಬೇಕು. ಒಂದೇ ಸಲ ಬಳಿಯಲು ಕಷ್ಟವಾದರೆ ಎರಡು ಸಲವಾಗಿ ಹಚ್ಚಿ. ಈ ಲೆಕ್ಕದಲ್ಲಿ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬು ಸುಮಾರು ಒಂದು ತಿಂಗಳಿಗೆ ಖಾಲಿ. ದಿನಾ ಹಚ್ಚಿಯೂ ನಾಲ್ಕು ತಿಂಗಳು ಬಂತು ಅಂದರೆ ಹಚ್ಚಿದ್ದು ಸಾಲಲಿಲ್ಲ ಅಂತಲೇ.

ಚರ್ಮ ಒಣಗಿದ್ದರೆ ಮೊದಲು ಮಾಯಿಶ್ಚರೈಸರ್, ಅದು ಹೀರಿಕೊಂಡ ಮೇಲೆ ಸನ್‌ಸ್ಕ್ರೀನ್. ಬಿಸಿಲಿಗೆ ಇಳಿಯುವ 15–20 ನಿಮಿಷ ಮೊದಲೇ ಹಚ್ಚಿ. ಹೊರಗೆ ಇರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ, ಬೆವರಿ ಟವೆಲ್‌ನಲ್ಲಿ ಮುಖ ಒರೆಸಿದ ಮೇಲೆ ಕೂಡಲೇ ಮತ್ತೆ ಹಚ್ಚಬೇಕು. ಕೆಲಸಗಾರರು 10 ಗಂಟೆಯ ಕಾಫಿ ಬಿಡುವಿನಲ್ಲಿ ಒಂದು ಸಲ, ಮಧ್ಯಾಹ್ನ ಊಟ ಆದ ಮೇಲೆ ಒಂದು ಸಲ ಅಂತ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ಔಷಧಿ ಸಿಂಪಡಿಸಿದ ಕೈ ಇದ್ದರೆ ಸೋಪು ಹಾಕಿ ತೊಳೆದೇ ಮುಖ ಮುಟ್ಟಬೇಕು.

ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಒಳ್ಳೆಯದೇ, ಆದರೆ ಸನ್‌ಸ್ಕ್ರೀನ್ ಮಾಡುವ ಕೆಲಸ ಅದು ಮಾಡುವುದಿಲ್ಲ. ಕಲೆ ಹೋಗಲಿ ಅಂತ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಇನ್ನಷ್ಟು ಕಪ್ಪಾಗುವ ಅಪಾಯವಿದೆ.

ಮಾತ್ರೆ ನುಂಗುವವರು ಗಮನಿಸಿ

ಕೆಲವು ಔಷಧಿಗಳು ಚರ್ಮಕ್ಕೆ ಬಿಸಿಲು ತಡೆಯದಂತೆ ಮಾಡುತ್ತವೆ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ಮಂಡಿನೋವಿಗೆ ಹಚ್ಚುವ ಕೀಟೋಪ್ರೊಫೆನ್ ಜೆಲ್ ಇವುಗಳಲ್ಲಿ ಸೇರಿವೆ. ಮಾತ್ರೆ ಶುರುವಾದ ಮೇಲೆ ಬಿಸಿಲು ಬಿದ್ದ ಜಾಗ ಕೆಂಪಾಗಿ ಉರಿದರೆ ವೈದ್ಯರಿಗೆ ಹೇಳಿ. ಹಾಗಂತ ಬಿಪಿ ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಇನ್ನೊಂದು ದೊಡ್ಡ ಅಪಾಯ ಭಂಗಿಗೆಂದು ಚೀಟಿ ಇಲ್ಲದೆ ಕೊಳ್ಳುವ 'ಬೆಳ್ಳಗಾಗುವ' ಟ್ಯೂಬು. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂದು ಬರೆದಿದ್ದರೆ ಅದು ಸ್ಟೆರಾಯ್ಡ್. ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ. ಆಮೇಲೆ ಮೊದಲೇ ತೆಳುವಾದ ಚರ್ಮ ಇನ್ನೂ ತೆಳುವಾಗಿ, ರಕ್ತನಾಳ ಕಾಣಿಸಿಕೊಂಡು, ಬಿಸಿಲಿಗೆ ಹೋದರೆ ಉರಿ ಶುರು. ಬಿಟ್ಟರೆ ಭಂಗು ಇಮ್ಮಡಿ. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿದೆ. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ಬಿಡದೆ ವೈದ್ಯರನ್ನು ಕಾಣುವುದು ಒಳ್ಳೆಯದು.

ಅಂಗಡಿಯವರಿಗೂ ಇದೆ ಕೆಲಸ

ಸನ್‌ಸ್ಕ್ರೀನ್ ಬಿಸಿಗೆ ಕೆಡುವ ವಸ್ತು. ಬಿಸಿಲು ಬೀಳುವ ಷೋಕೇಸ್‌ನಲ್ಲಿ ತಿಂಗಳುಗಟ್ಟಲೆ ನಿಂತ ಟ್ಯೂಬು ಅವಧಿ ಮುಗಿಯುವ ಮೊದಲೇ ಹಾಳಾಗಬಹುದು. ಖಾಲಿ ಡಬ್ಬ ಮುಂದಿಟ್ಟು ಮಾಲನ್ನು ಒಳಗೆ ತಂಪಾದ ಕಪಾಟಿನಲ್ಲಿ ಇಡುವುದು ಸರಿ. ಹಳೇ ಸ್ಟಾಕ್ ಮುಂದೆ, ಹೊಸದು ಹಿಂದೆ ಎಂಬ ಕ್ರಮ ಇರಲಿ.

ಕೊಳ್ಳುವವರು ಬ್ಯಾಚ್ ನಂಬರ್, ತಯಾರಿಕಾ ಪರವಾನಗಿ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ, ಎಂಆರ್‌ಪಿ ನೋಡಿ ಬಿಲ್ ಕೇಳಿ. ಒತ್ತಿದಾಗ ನೀರು, ಎಣ್ಣೆ ಬೇರೆಯಾಗಿ ಬಂದರೆ, ಗಂಟುಕಟ್ಟಿದ್ದರೆ, ವಾಸನೆ ಬದಲಾಗಿದ್ದರೆ ಬಳಸಬೇಡಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಟ್ಯೂಬು ಬಿಡಬೇಡಿ. ಎಸ್‌ಪಿಎಫ್ ಎಷ್ಟಿದೆ ಅಂತ ಕೇಳುವ ಗಿರಾಕಿಗೆ 'ಪಿಎ ಎಷ್ಟು ಪ್ಲಸ್ ಇದೆ ನೋಡಿ' ಅಂತ ಅಂಗಡಿಯವರೇ ಒಂದು ಮಾತು ಹೇಳಿದರೆ ಅರ್ಧ ಕೆಲಸ ಆದಂತೆ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಹಳೇ ಸುಕ್ಕನ್ನು ಸನ್‌ಸ್ಕ್ರೀನ್ ಅಳಿಸುವುದಿಲ್ಲ. ಇನ್ನಷ್ಟು ಹಾಳಾಗುವುದನ್ನು ತಡೆಯುತ್ತದೆ, ಭಂಗಿಗೆ ಕೊಡುವ ಚಿಕಿತ್ಸೆ ಹಿಡಿಯುವಂತೆ ಮಾಡುತ್ತದೆ. ಆದರೆ ಕೆಲವು ಗುರುತುಗಳನ್ನು ಕ್ರೀಮ್ ಹಚ್ಚಿ ಕಾಯಬಾರದು: ನಾಲ್ಕು ವಾರವಾದರೂ ಮಾಯದ ಹುಣ್ಣು, ಪದೇಪದೇ ಚಕ್ಕೆ ಕಟ್ಟಿ ರಕ್ತ ಬರುವ ಜಾಗ, ಆಕಾರ ಅಥವಾ ಬಣ್ಣ ಬದಲಾಯಿಸುತ್ತಿರುವ ಮಚ್ಚೆ. ನಮ್ಮ ಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಅಪರೂಪ. ಅಪರೂಪ ಎಂಬ ಕಾರಣಕ್ಕೇ ತಡವಾಗಿ ಪತ್ತೆಯಾಗುವುದೂ ಇದೆ. ಇಂಥವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಅಗತ್ಯ ಬಿದ್ದರೆ ಹಾಸನದ ಹಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಹೋಗುವಾಗ ಮುಖಕ್ಕೆ ಹಚ್ಚುತ್ತಿರುವ ಟ್ಯೂಬು, ನುಂಗುತ್ತಿರುವ ಮಾತ್ರೆಯ ಚೀಟಿ ಎರಡನ್ನೂ ಜೊತೆಗೆ ಒಯ್ಯಿರಿ.