ಬ್ಯಾಟರಿ ಸತ್ತಿತು, ನಕ್ಷೆ ಉಳಿಯಿತು

ಭದ್ರಾವತಿಯ ಹೊಸಮನೆಯ ಒಂದು ಅಟ್ಟ, 1991ರ ಒಂದು ವಿಡಿಯೊ ಗೇಮ್, ಅಕ್ಕನ ಒಂದು ಗ್ರಾಫ್ ಪುಸ್ತಕ

ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಂದೇ ರಟ್ಟಿನ ಡಬ್ಬಿಯಲ್ಲಿ ಎರಡು ಸಾಮಾನು ಸಿಕ್ಕವು. ಒಂದು, ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಕಪ್ಪು ಪೆಟ್ಟಿಗೆ. ಇನ್ನೊಂದು, ಅಕ್ಕನ ಹೈಸ್ಕೂಲಿನ ಗ್ರಾಫ್ ಪುಸ್ತಕ. ಮೊದಲ ಹತ್ತು ಪುಟ ಗಣಿತ. ಆಮೇಲೆ ಪುಟದಿಂದ ಪುಟಕ್ಕೆ ಗೋಡೆ, ಬಾಗಿಲು, ಗುಂಡಿ, ಮೆಟ್ಟಿಲು. ಅಮ್ಮ ಅದನ್ನು ತಿರುವಿ ನೋಡಿ, ‘ಇದು ಯಾರ ಮನೆ ಪ್ಲಾನೇ?’ ಅಂದರು. ಅಕ್ಕ ನಕ್ಕಳು.

ಪೆಟ್ಟಿಗೆ ತಂದವರು ಬಹರೇನಿನಲ್ಲಿದ್ದ ಮಾವ, ತೊಂಬತ್ತರ ದಶಕದ ನಡುವೆ. ಆಗ ನಮ್ಮೂರಲ್ಲಿ ವಿಡಿಯೊ ಗೇಮ್ ಅಂದರೆ ಮಾರಿಯೊ, ಕಾಂಟ್ರಾ. ನಕಲಿ ಪೆಟ್ಟಿಗೆ, ಹಳದಿ ಕ್ಯಾಸೆಟ್ಟು, ಅದರ ಮೇಲೆ ‘9999 ಇನ್ 1’ ಎಂಬ ಹಸಿ ಸುಳ್ಳು. ಮೆಗಾ ಡ್ರೈವ್ ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. 1995ರಲ್ಲಿ ಶಾ ವಾಲೇಸ್ ಕಂಪನಿ ಅದನ್ನು ಭಾರತದಲ್ಲಿ ಮಾರಲು ಹೊರಟಾಗ ಬೆಲೆ ಸುಮಾರು 18,000 ರೂಪಾಯಿ. ಮಾವನ ಸೂಟ್‌ಕೇಸಿನಲ್ಲಿ ಬಂದ ಕ್ಯಾಸೆಟ್ಟುಗಳಲ್ಲಿ ಒಂದು ಮಾತ್ರ ಬೇರೆ ಜಾತಿಯದು. ಅದರಲ್ಲಿ ಓಡುವುದಿಲ್ಲ, ಹಾರುವುದಿಲ್ಲ. ಹೆಸರು, ‘ಶೈನಿಂಗ್ ಇನ್ ದ ಡಾರ್ಕ್‌ನೆಸ್’.

ಒಳಗೆ ಹೋದವನು ಹೊರಗೂ ಬರಬೇಕು

ಕಥೆ ಚಂದಮಾಮದ ಹುಡುಗರಿಗೆ ಹೊಸತೇನಲ್ಲ. ಥಾರ್ನ್‌ವುಡ್ ರಾಜ್ಯದ ರಾಜಕುಮಾರಿ ಜೆಸ್ಸಾ ಕಾಣೆ. ಅವಳ ಕಾವಲಿಗೆ ಹೋದ ವೀರ ಮಾರ್ಟ್ರೆಡ್ ಕೂಡ ಕಾಣೆ. ಅವನ ಮಗ ಹುಡುಕಿಕೊಂಡು ಹೊರಡಬೇಕು. ಅವನೇ ನೀವು. ಊರಲ್ಲಿ ಅಂಗಡಿ, ಹೆಂಡದಂಗಡಿ, ಗುಡಿ. ಊರಾಚೆ ಒಂದು ಚಕ್ರವ್ಯೂಹ. ಮೊದಲು ಒಬ್ಬನೇ ನುಗ್ಗಬೇಕು. ಆಮೇಲೆ ಪೈರಾ, ಮೈಲೊ ಎಂಬ ಗೆಳೆಯರು ಜೊತೆಗೂಡುತ್ತಾರೆ. ಬಲ, ಧೈರ್ಯ, ಸತ್ಯ, ವಿವೇಕ ಎಂಬ ನಾಲ್ಕು ಗವಿಗಳ ಪರೀಕ್ಷೆ. ಕೊನೆಗೆ ಡಾರ್ಕ್ ಸೋಲ್ ಎಂಬ ಮಾಂತ್ರಿಕ.

ಆಟದ ನಿಜವಾದ ಶತ್ರು ಅವನಲ್ಲ, ದಾರಿ. ಟಿವಿ ಪರದೆಯಲ್ಲಿ ಕಾಣುವುದು ಕಣ್ಣೆದುರಿನ ಕಲ್ಲುಗೋಡೆ ಮಾತ್ರ. ಒಂದು ಒತ್ತಿಗೆ ಒಂದು ಚೌಕ ಮುಂದೆ. ತಿರುಗಿದರೆ ಮತ್ತೆ ಅದೇ ಬಣ್ಣದ ಗೋಡೆ. ನಾಲ್ಕು ಸಲ ತಿರುಗಿದರೆ ಬಂದ ದಿಕ್ಕೇ ಮರೆಯುತ್ತದೆ. ಸುತ್ತಲಿನ ದಾರಿಯನ್ನು ಒಂದು ಗಳಿಗೆ ತೋರಿಸುವ ಮಂತ್ರವೊಂದಿದೆ, ಅಷ್ಟೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆ ನೋಡಿದವರಿಗೆ ಈ ಭಯ ಗೊತ್ತು. ಒಳಗೆ ಹೋಗಲು ಬರುತ್ತಿತ್ತು, ಹೊರಗೆ ಬರಲು ಬರುತ್ತಿರಲಿಲ್ಲ ಎಂಬುದೇ ಅಭಿಮನ್ಯುವಿನ ಕಥೆ. ಇಲ್ಲೂ ಹಾಗೆಯೇ. ಆಟ ಉಳಿಸಿಕೊಳ್ಳಬೇಕಾದರೆ ಊರಿನ ಗುಡಿಗೇ ಮರಳಬೇಕು. ನಡುದಾರಿಯಲ್ಲಿ ಕರೆಂಟ್ ಹೋದರೆ ಸಂಜೆಯ ದುಡಿಮೆಯೆಲ್ಲ ನೀರಿಗೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗದ ಸಂಜೆ ಯಾವುದು?

ಹಾಗಾಗಿ ಕೆಲಸ ಹಂಚಿಕೊಂಡೆವು. ಗುಂಡಿ ಒತ್ತುವವನು ನಾನು, ನಕ್ಷೆ ಬರೆಯುವವಳು ಅಕ್ಕ. ‘ಎಡಕ್ಕೆ ಬೇಡ ಮಾರಾಯ, ಅಲ್ಲಿ ಗುಂಡಿ ಉಂಟು’ ಅನ್ನುತ್ತಿದ್ದಳು, ಪುಸ್ತಕದಿಂದ ತಲೆ ಎತ್ತದೆ. ಪರದೆ ನೋಡುವ ನನಗೆ ಎದುರಿನ ಗೋಡೆ ಕಾಣುತ್ತಿತ್ತು. ಪುಸ್ತಕ ನೋಡುವ ಅವಳಿಗೆ ಇಡೀ ಗವಿ ಕಾಣುತ್ತಿತ್ತು.

ಕಾಗದದಲ್ಲಿ ಹುಟ್ಟಿದ ಆಟ

ಅವಳು ಮಾಡಿದ್ದು ಈ ಆಟಗಳ ಹಳೇ ಸಂಪ್ರದಾಯವೇ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’ ಆಟಕ್ಕೆ ಬೇಕಿದ್ದುದು ಪೆನ್ಸಿಲ್, ಚೌಕುಳಿ ಕಾಗದ, ದಾಳ, ನಾಲ್ಕು ಜನ ಗೆಳೆಯರು. 1981ರಲ್ಲಿ ಆ್ಯಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಅದೇ ಗವಿಯನ್ನು ‘ವಿಝಾರ್ಡ್ರಿ’ ಎಂಬ ಹೆಸರಲ್ಲಿ ಆ್ಯಪಲ್ ಕಂಪ್ಯೂಟರಿಗೆ ಇಳಿಸಿದರು. ಹತ್ತು ಅಂತಸ್ತು, ಅಂತಸ್ತಿಗೆ 20 ಅಡ್ಡ, 20 ಉದ್ದದ ಚೌಕ. ಕಾಲಿಟ್ಟರೆ ಗೊತ್ತಾಗದಂತೆ ಗಿರಕಿ ಹೊಡೆಸಿ ದಿಕ್ಕು ತಪ್ಪಿಸುವ ನೆಲ ಬೇರೆ. ಜಪಾನೀಯರು ಅದಕ್ಕೆ ಮರುಳಾದರು. 1986ರ ‘ಡ್ರಾಗನ್ ಕ್ವೆಸ್ಟ್’ ಆ ಮೋಹದ ಕೂಸು. ನಮ್ಮ ಮನೆಗೆ ಬಂದ ಆಟ ಅದೇ ವಂಶದ್ದು.

ನಮ್ಮದೋ ಕಾಗದದ ಊರು. ಅಪ್ಪ ದುಡಿಯುತ್ತಿದ್ದುದು ಎಂಪಿಎಂನಲ್ಲಿ, ಮೈಸೂರು ಕಾಗದ ಕಾರ್ಖಾನೆಯಲ್ಲಿ. ಮನೆಯಲ್ಲಿ ಬೇರೆ ಏನಕ್ಕೆ ಕೊರತೆಯಾದರೂ ಬರೆಯುವ ಹಾಳೆಗೆ ಆಗುತ್ತಿರಲಿಲ್ಲ. ಒಂದು ಹಾಳೆ ಹಾಳಾದರೆ ಅಕ್ಕ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದಳು.

ಈಗ ಆಡಿದರೆ?

ರಿಪೇರಿ ಅಂಗಡಿಯೊಂದರಲ್ಲಿ ಹಳೇ ಪಿಕ್ಚರ್ ಟ್ಯೂಬಿನ ಟಿವಿ ಸಿಕ್ಕಿತು. ಕ್ಯಾಸೆಟ್ಟಿಗೆ ಒಮ್ಮೆ ಊದಿ ಹಾಕಿದೆ. ಸಂಗೀತ ಬಂತು, ನಮ್ಮ ಆಟ ಬರಲಿಲ್ಲ. ಕ್ಯಾಸೆಟ್ಟಿನೊಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಉಳಿಸಿದ ಆಟ ನಿಂತಿರುವುದು ಅದರ ಉಸಿರಿನ ಮೇಲೆ. ಅದು ಯಾವತ್ತೋ ಸತ್ತಿತ್ತು.

ಮೊದಲಿಂದ ಶುರು ಮಾಡಿದೆವು. ಮುಲಾಜಿಲ್ಲದೆ ಹೇಳುತ್ತೇನೆ, ಆಟ ನಿಧಾನ. ನಾಲ್ಕು ಹೆಜ್ಜೆಗೊಂದು ಕಾದಾಟ, ಪ್ರತಿ ಕಾದಾಟದಲ್ಲೂ ಅದೇ ಮಾತು. ಗೋಡೆಗಳು ಇಂದಿಗೂ ಒಂದೇ ಬಣ್ಣ. ಆದರೆ ಎದುರಿಗೆ ಧುತ್ತೆಂದು ನಿಲ್ಲುವ ಪ್ರಾಣಿಗಳ ಚಿತ್ರ ಇವತ್ತಿಗೂ ಸೊಗಸು. ಬಾಗಿಲ ಮುಂದೆ ನಿಂತಾಗಿನ ಎದೆಬಡಿತವೂ ಹಾಗೇ ಇದೆ. ಸೆಗಾ 2018ರಲ್ಲಿ ಹೊರತಂದ ಹಳೇ ಆಟಗಳ ಸಂಪುಟದಲ್ಲಿ ಇದೂ ಇತ್ತು. ಅದರಲ್ಲಿ ನಿಂತಲ್ಲೇ ಆಟ ಉಳಿಸಬಹುದು, ತಪ್ಪಿದರೆ ಹಿಂದಕ್ಕೆ ಸರಿಸಬಹುದು. ಅದನ್ನೂ ಆಡಿ ನೋಡಿದೆ. ಸೋಲುವ ಭಯ ಹೋದ ಮೇಲೆ ಉಳಿದದ್ದು ಬರೀ ಗೋಡೆ. 2007ರಲ್ಲಿ ಅಟ್ಲಸ್ ಕಂಪನಿ ‘ಎಟ್ರಿಯನ್ ಒಡಿಸ್ಸಿ’ಯಲ್ಲಿ ಆಟಗಾರರಿಂದಲೇ ಪರದೆಯ ಮೇಲೆ ನಕ್ಷೆ ಬರೆಸಿದ್ದು ಸುಮ್ಮನೆ ಅಲ್ಲ. ಕಳೆದುಹೋಗುವುದು, ಕೈಯಾರೆ ದಾರಿ ಬರೆಯುವುದು, ಈ ಆಟದ ರುಚಿ ಇರುವುದೇ ಅದರಲ್ಲಿ.

ನಿಮ್ಮ ಅಟ್ಟದಲ್ಲೂ ಇಂಥ ಕ್ಯಾಸೆಟ್ಟು ಇದ್ದರೆ ರಿಪೇರಿ ಬಲ್ಲವರಿಂದ ಬ್ಯಾಟರಿ ಬದಲಿಸಿ. ಹಳೆಯದು ಒಸರಿದರೆ ಕ್ಯಾಸೆಟ್ಟೇ ಕೆಡುತ್ತದೆ. ಆಮೇಲೆ ಪಕ್ಕದ ಅಂಗಡಿಯಿಂದ ಒಂದು ಗ್ರಾಫ್ ಪುಸ್ತಕ ತನ್ನಿ, ಬರೆಯಲು ಮನೆಯ ಇನ್ನೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ.

ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕ್ಯಾಸೆಟ್ಟಿನ ನೆನಪೂ ಅಳಿಸಿಹೋಗಿದೆ. ಅಕ್ಕನ ನಕ್ಷೆ ಹಿಡಿದು ಮೊದಲ ಅಂತಸ್ತಿನ ಮೆಟ್ಟಿಲು ಮುಟ್ಟಿದೆವು. ಒಂದು ಗೋಡೆಯೂ ತಪ್ಪಿರಲಿಲ್ಲ.