ಅಂಗಡಿ ನಿಮ್ಮದು, ಬೀಗದ ಕೈ ಯಾರದು?

2024ರ ಮಾರ್ಚ್ ತಿಂಗಳಲ್ಲಿ ಜಗತ್ತಿನ ನಾನಾ ಊರುಗಳ ಸಣ್ಣ ವ್ಯಾಪಾರಿಗಳ ಜಾಲತಾಣಗಳು ಒಟ್ಟಿಗೇ ಬಾಗಿಲು ಮುಚ್ಚಿದವು. ಬೇಕರಿ, ಹೂವಿನ ಅಂಗಡಿ, ದರ್ಜಿ, ದಂತವೈದ್ಯ ಎಂಬ ಭೇದವಿರಲಿಲ್ಲ. ಅವರು ಯಾರೂ ದಿವಾಳಿ ಎದ್ದವರಲ್ಲ. ಬಾಡಿಗೆ ಬಾಕಿ ಉಳಿಸಿಕೊಂಡವರೂ ಅಲ್ಲ; ಏಕೆಂದರೆ ಬಾಡಿಗೆಯೇ ಇರಲಿಲ್ಲ! ಅವು ಗೂಗಲ್ ಸಂಸ್ಥೆ ಸಣ್ಣ ವ್ಯಾಪಾರಿಗಳಿಗೆಂದು ಪುಕ್ಕಟೆಯಾಗಿ ಕೊಟ್ಟಿದ್ದ ತಾಣಗಳು. 2017ರ ಜನವರಿಯಲ್ಲಿ ಸುಂದರ್ ಪಿಚೈ ಅವರು ದೆಹಲಿಯಲ್ಲಿ ಈ ಸೌಲಭ್ಯದ ಬಗ್ಗೆ ಪ್ರಕಟಿಸಿದಾಗ ನಮ್ಮ ದೇಶದಲ್ಲಿ ಸಂಭ್ರಮವೋ ಸಂಭ್ರಮ. ಕೈಯಲ್ಲೊಂದು ಮೊಬೈಲ್ ಇದ್ದರೆ ಸಾಕು, ಕೆಲವೇ ನಿಮಿಷಗಳಲ್ಲಿ ಅಂಗಡಿಗೆ ಒಂದು ಜಾಲತಾಣ ಸಿದ್ಧ. ವಿಳಾಸದ ಕೊನೆಯಲ್ಲಿ ‘ಬಿಸಿನೆಸ್ ಡಾಟ್ ಸೈಟ್’ ಎಂದಿರುತ್ತಿತ್ತು.

ಏಳು ವರ್ಷ ನಡೆಯಿತು, ನಿಂತಿತು. ಆ ವಿಳಾಸ ಹುಡುಕಿ ಬಂದವರನ್ನು 2024ರ ಜೂನ್ 10ರವರೆಗೆ ಬೇರೊಂದು ಪುಟಕ್ಕೆ ಕಳುಹಿಸಲಾಗುತ್ತಿತ್ತು. ಅನಂತರ ಅದೂ ಇಲ್ಲ. ವಿಸಿಟಿಂಗ್ ಕಾರ್ಡಿನ ಮೇಲೆ, ಬಟ್ಟೆ ಚೀಲದ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ಆ ವಿಳಾಸವನ್ನು ಬರೆಸಿಕೊಂಡವರ ಪಾಡು ಊಹಿಸಿಕೊಳ್ಳಬಹುದು. ಇದನ್ನು ಮೋಸ ಎನ್ನುವಂತಿಲ್ಲ. ಮುಂಚೆಯೇ ತಿಳಿಸಿ ಮುಚ್ಚಿದರು. ಕೊಟ್ಟವರು ಹಿಂದಕ್ಕೆ ಪಡೆದರು, ಅಷ್ಟೆ. ಇದು ಮೊದಲನೆಯದೂ ಅಲ್ಲ. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ಪುಕ್ಕಟೆ ತಾಣಗಳ ಊರನ್ನು 1999ರಲ್ಲಿ ಯಾಹೂ ಕೊಂಡುಕೊಂಡಿತು. 2009ರ ಅಕ್ಟೋಬರಿನಲ್ಲಿ ಅದಕ್ಕೆ ಬೀಗ ಹಾಕಿತು. ಜನ ವರ್ಷಗಟ್ಟಲೆ ಪ್ರೀತಿಯಿಂದ ಕಟ್ಟಿದ ಲಕ್ಷಾಂತರ ಪುಟಗಳು ಒಂದೇ ಏಟಿಗೆ ಹೋದವು.

ಈಗ ನಮ್ಮ ಮನೆಗಳಿಗೆ ಬರೋಣ. ಅಪ್ಪನಿಗೆ ಒಂದು ಅಂಗಡಿಯೋ ಸಣ್ಣ ಕಾರ್ಖಾನೆಯೋ ಇದೆ. ಮಗಳು ಪಿಯುಸಿಯಲ್ಲೋ ಇಂಜಿನಿಯರಿಂಗ್‌ನಲ್ಲೋ ಓದುತ್ತಿದ್ದಾಳೆ. ‘ಕಂಪ್ಯೂಟರ್ ಓದ್ತೀಯಲ್ಲ, ನಮ್ಮ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಡು’ ಎಂಬ ಬೇಡಿಕೆ ಬಂದೇ ಬರುತ್ತದೆ. ಯಾವುದರಲ್ಲಿ ಮಾಡುವುದು? ಈ ಪ್ರಶ್ನೆಗೆ ಉತ್ತರ ಕೊಡುವವರು ಸಾಮಾನ್ಯವಾಗಿ ಇಬ್ಬರೇ: ಒಬ್ಬ ಗೆಳೆಯ, ಇಲ್ಲವೇ ಒಂದು ಜಾಹೀರಾತು. ನೋಡಲು ಚೆಂದವೇ, ಬೇಗ ಆಗುತ್ತದೆಯೇ, ಅಗ್ಗವೇ ಎಂದು ಕೇಳುತ್ತಾರೆ. ನಾಳೆ ಇಲ್ಲಿಂದ ಹೊರಡಬೇಕಾದರೆ ಗಂಟುಮೂಟೆ ಕಟ್ಟಿಕೊಂಡು ಹೋಗಬಹುದೇ ಎಂದು ಕೇಳುವವರು ಕಡಿಮೆ.

ಅಂಕಪಟ್ಟಿಯ ಉಪಾಯ

ಮೊದಲು ಈ ತಂತ್ರಾಂಶಗಳು ಮಾಡುವ ಕೆಲಸವೇನೆಂದು ನೋಡೋಣ. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲವನ್ನು ರೂಪಿಸಿ, 1991ರಲ್ಲಿ ಹೊರಜಗತ್ತಿಗೆ ತೆರೆದಾಗ ಜಾಲತಾಣ ಎಂದರೆ ಒಂದಕ್ಕೊಂದು ಕೊಂಡಿ ಹಾಕಿದ ಕಡತಗಳು ಮಾತ್ರ. ಪ್ರತಿಯೊಂದು ಪುಟವನ್ನೂ ಕೈಯಾರೆ ಬರೆಯಬೇಕಿತ್ತು. ನೂರು ಪುಟಗಳಿದ್ದು ಅಂಗಡಿಯ ಫೋನ್ ನಂಬರ್ ಬದಲಾದರೆ ನೂರು ಕಡೆ ತಿದ್ದಬೇಕು. ಒಂದು ಕಡೆ ಮರೆತರೂ ಗಿರಾಕಿ ಹಳೆಯ ನಂಬರಿಗೆ ಕರೆ ಮಾಡುತ್ತಾನೆ.

ಇದಕ್ಕೆ ಕಂಡುಕೊಂಡ ಉಪಾಯ ಶಾಲೆಯ ಅಂಕಪಟ್ಟಿಯದೇ. ಅಂಕಪಟ್ಟಿಯ ಮುದ್ರಿತ ನಮೂನೆ ಎಲ್ಲರಿಗೂ ಒಂದೇ. ಅಂಕಗಳು ಇರುವುದು ರಿಜಿಸ್ಟರಿನಲ್ಲಿ. ಬೇಕೆಂದಾಗ ರಿಜಿಸ್ಟರಿನಿಂದ ತೆಗೆದು ನಮೂನೆಯಲ್ಲಿ ತುಂಬುತ್ತಾರೆ. ಮುಂದಿನ ವರ್ಷ ನಮೂನೆಯ ಬಣ್ಣ ಬದಲಾಯಿತೆಂದು ಯಾರೂ ರಿಜಿಸ್ಟರನ್ನು ತಿದ್ದಲು ಹೋಗುವುದಿಲ್ಲ ತಾನೆ? ವಿಷಯ ನಿರ್ವಹಣಾ ತಂತ್ರಾಂಶ ಮಾಡುವುದೂ ಇದನ್ನೇ. ಬರಹ, ಬೆಲೆ, ವಿಳಾಸಗಳು ದತ್ತಸಂಚಯವೆಂಬ ರಿಜಿಸ್ಟರಿನಲ್ಲಿರುತ್ತವೆ. ತೋರಿಕೆ ‘ಥೀಮ್’ ಎಂಬ ನಮೂನೆಯಲ್ಲಿರುತ್ತದೆ. ಓದುಗ ಪುಟವನ್ನು ಕೇಳಿದ ಕೂಡಲೇ ತಂತ್ರಾಂಶ ಎರಡನ್ನೂ ಜೋಡಿಸಿ ಕೊಡುತ್ತದೆ. ಆದ್ದರಿಂದ ಆರಿಸುವವರು ಮನಸ್ಸಿಡಬೇಕಾದದ್ದು ರಿಜಿಸ್ಟರಿನ ಮೇಲೆ. ಅಂಗಡಿಯ ಸೊತ್ತು ಅದು. ಆದರೆ ಜಾಹೀರಾತುಗಳೆಲ್ಲ ತೋರಿಸುವುದು ನಮೂನೆಯ ಅಂದಚೆಂದವನ್ನು!

ಬಾಡಿಗೆ ಕೋಣೆ, ಸ್ವಂತ ಮನೆ

ಇಂದು ಸಿಗುವ ಸಲಕರಣೆಗಳನ್ನು ಸ್ಥೂಲವಾಗಿ ಎರಡು ಪಂಗಡ ಮಾಡಬಹುದು. ಒಂದು, ವಿಕ್ಸ್, ಶಾಪಿಫೈ ಮೊದಲಾದವುಗಳದು. ಇಲ್ಲಿ ತಂತ್ರಾಂಶವೂ ಜಾಗವೂ ಕಂಪನಿಯದೇ. ಹೋಟೆಲಿನ ಕೋಣೆ ಇದ್ದಂತೆ. ಹಾಸಿಗೆ ಹಾಸಿದೆ, ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಬಲ್ಬ್ ಹೋದರೆ ಅವರೇ ಹಾಕುತ್ತಾರೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ದಿನದ ಬಾಡಿಗೆ ತಪ್ಪುವಂತಿಲ್ಲ. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿ ಬೇರೆ ಕಡೆ ನಿಲ್ಲಿಸಲು ಬರುವುದಿಲ್ಲವೆಂದು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಶಾಪಿಫೈ ಕನಿಷ್ಠಪಕ್ಷ ಸರಕುಗಳ ಪಟ್ಟಿ, ಗಿರಾಕಿಗಳ ಪಟ್ಟಿಯನ್ನು ಸಾದಾ ಕೋಷ್ಟಕವಾಗಿ ಇಳಿಸಿಕೊಳ್ಳಲು ಬಿಡುತ್ತದೆ. ಅದು ಹುಟ್ಟಿದ್ದೂ ಒಂದು ಅಂಗಡಿಯಲ್ಲೇ. ಕೆನಡಾದಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರಲು ಹೊರಟ ಟೋಬಿ ಲುಟ್ಕೆ ಎಂಬವರಿಗೆ ಆಗ ಸಿಗುತ್ತಿದ್ದ ತಂತ್ರಾಂಶ ಯಾವುದೂ ಹಿಡಿಸದೆ ತಾವೇ ಬರೆದುಕೊಂಡರು; 2006ರಲ್ಲಿ ಅದನ್ನೇ ಸೇವೆಯಾಗಿ ತೆರೆದರು. ಹಲಗೆಗಳಿಗಿಂತ ಅದೇ ಹೆಚ್ಚು ಮಾರಾಟವಾಯಿತು.

ಎರಡನೆಯ ಪಂಗಡ ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್‌ಗಳದು. ಇವು ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ತಮಗೆ ಬೇಕಾದ ಕಡೆ ಜಾಗ ಪಡೆದು ನಿಲ್ಲಿಸಬಹುದು. ಜಾಗದವನೊಡನೆ ಜಗಳವಾದರೆ ಮನೆಯನ್ನೇ ಕಳಚಿ ಇನ್ನೊಂದು ನಿವೇಶನದಲ್ಲಿ ಕಟ್ಟಬಹುದು. ಆದರೆ ಸೂರು ಸೋರಿದರೆ ಹೆಂಚು ಹಾಕಬೇಕಾದವರು ನೀವೇ.

ಈ ತಂತ್ರಾಂಶಗಳ ಹುಟ್ಟಿನ ಕತೆ ವಿದ್ಯಾರ್ಥಿಗಳಿಗೆ ರುಚಿಸುವಂಥದು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಓದುತ್ತಿದ್ದ ಡ್ರೀಸ್ ಬೈಟಾರ್ಟ್, ವಿದ್ಯಾರ್ಥಿನಿಲಯದ ಗೆಳೆಯರ ನಡುವೆ ಸುದ್ದಿ ಹಂಚಿಕೊಳ್ಳಲು ಒಂದು ಪುಟ್ಟ ಫಲಕ ಮಾಡಿದರು. ಅದಕ್ಕೆ ಹೆಸರು ನೋಂದಾಯಿಸುವಾಗ ಡಚ್ ಭಾಷೆಯಲ್ಲಿ ಹಳ್ಳಿ ಎಂಬರ್ಥದ ‘ಡೋರ್ಪ್’ ಎಂದು ಹೊಡೆಯಲು ಹೋಗಿ ‘ಡ್ರಾಪ್’ ಎಂದು ಹೊಡೆದರು. ಅದೇ ಚೆನ್ನಾಗಿದೆ ಎನಿಸಿತು. ಡಚ್ಚರು ಹನಿಗೆ ‘ಡ್ರುಪ್ಪೆಲ್’ ಎನ್ನುತ್ತಾರೆ. 2001ರಲ್ಲಿ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗ ಡ್ರೂಪಲ್ ಎಂಬ ಹೆಸರಾಯಿತು. ಜೂಮ್ಲಾ 2005ರದು. ಒಟ್ಟಾಗಿ ಎಂಬರ್ಥದ ಸ್ವಾಹಿಲಿ ಪದ ‘ಜುಮ್ಲಾ’ದಿಂದ ಬಂದದ್ದು. ಹಳೆಯ ಲೆಕ್ಕಪತ್ರಗಳಲ್ಲಿ ಮೊತ್ತಕ್ಕೆ ಜುಮ್ಲಾ ಎಂದು ಬರೆಯುತ್ತಿದ್ದುದನ್ನು ಕಂಡ ಅಜ್ಜಂದಿರಿಗೆ ಇದು ಹೊಸದಲ್ಲ. ಅರಬ್ಬಿಯ ಒಂದೇ ಪದ ಆಫ್ರಿಕಕ್ಕೂ ಹೋಗಿದೆ, ಕನ್ನಡಕ್ಕೂ ಬಂದಿದೆ.

ಇವೆಲ್ಲಕ್ಕಿಂತ ನಮಗೆ ಮುಖ್ಯವಾದದ್ದು ವರ್ಡ್‌ಪ್ರೆಸ್‌ನ ಕತೆ. ಹ್ಯೂಸ್ಟನ್‌ನಲ್ಲಿ ಕಾಲೇಜು ಓದುತ್ತಿದ್ದ ಮ್ಯಾಟ್ ಮುಲ್ಲೆನ್‌ವೆಗ್ ಎಂಬ 19ರ ಹುಡುಗ ‘ಬಿ2’ ಎಂಬ ತಂತ್ರಾಂಶ ಬಳಸುತ್ತಿದ್ದ. ಅದನ್ನು ಬರೆದವರು ಮಿಶೆಲ್ ವಾಲ್ಡ್ರಿಘಿ. ಇದ್ದಕ್ಕಿದ್ದಂತೆ ಅವರಿಂದ ಸುದ್ದಿಯೇ ಇಲ್ಲದಾಯಿತು, ತಂತ್ರಾಂಶದ ದುರಸ್ತಿ ನಿಂತಿತು. ಬೇರೆ ಯಾವುದೇ ಸರಕಾಗಿದ್ದರೆ ಬಳಸುವವರು ಕೈಚೆಲ್ಲಿ ಕೂರಬೇಕಿತ್ತು. ಆದರೆ ಬಿ2 ಮುಕ್ತ ಪರವಾನಗಿಯಲ್ಲಿತ್ತು. ಬರೆದವರು ಬಿಟ್ಟರೂ ಬೇರೆಯವರು ಎತ್ತಿಕೊಳ್ಳಬಹುದಾಗಿತ್ತು. ಇಂಗ್ಲೆಂಡಿನ ಮೈಕ್ ಲಿಟ್ಲ್ ಜೊತೆಗೂಡಿದರು. 2003ರ ಮೇ 27ರಂದು ವರ್ಡ್‌ಪ್ರೆಸ್ ಹೊರಬಂತು. ಇಂದು ಜಗತ್ತಿನ ಹತ್ತು ಜಾಲತಾಣಗಳಲ್ಲಿ ಸುಮಾರು ನಾಲ್ಕು ಅದರಲ್ಲೇ ನಡೆಯುತ್ತವೆ. ಮಾಲೀಕ ಎದ್ದುಹೋದರೂ ಮನೆ ಪಾಳುಬೀಳದೆ ಉಳಿದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಮುಕ್ತ ತಂತ್ರಾಂಶದವರು ಊರು ಬದಲಿಸುವುದೂ ಅಪರೂಪವಲ್ಲ. ಅಮೆರಿಕದ ಅಧ್ಯಕ್ಷರ ಶ್ವೇತಭವನದ ತಾಣ 2009ರಲ್ಲಿ ಡ್ರೂಪಲ್‌ಗೆ ಹೋಯಿತು, 2017ರಲ್ಲಿ ವರ್ಡ್‌ಪ್ರೆಸ್‌ಗೆ ಬಂತು. ವಿಳಾಸ ಮಾತ್ರ ಅದೇ.

ಏಳು ಗಂಟೆಯ ಗಡುವು

ಹಾಗಾದರೆ ಎಲ್ಲರೂ ಸ್ವಂತ ಮನೆಯನ್ನೇ ಕಟ್ಟಬೇಕೇ? ಅವಸರ ಬೇಡ. 2014ರ ಅಕ್ಟೋಬರ್ 15ರಂದು ಡ್ರೂಪಲ್‌ನಲ್ಲಿ ಒಂದು ದೊಡ್ಡ ಬಿರುಕು ಇದೆಯೆಂದು ಅದರ ಭದ್ರತಾ ತಂಡವೇ ಪ್ರಕಟಿಸಿತು. ಜೊತೆಗೇ ತೇಪೆಯನ್ನೂ ಕೊಟ್ಟಿತು. ಪ್ರಕಟಣೆ ಕಂಡದ್ದೇ ಕಳ್ಳರು ತಾಣದಿಂದ ತಾಣಕ್ಕೆ ಬಾಗಿಲು ತಳ್ಳುತ್ತಾ ಹೊರಟರು. ಎರಡು ವಾರ ಕಳೆದ ಮೇಲೆ ಅದೇ ತಂಡ ಹೇಳಿತು: ಪ್ರಕಟಣೆಯಾದ ಏಳು ಗಂಟೆಯೊಳಗೆ ತೇಪೆ ಹಾಕದಿದ್ದ ತಾಣಕ್ಕೆ ಕನ್ನ ಬಿದ್ದಿದೆ ಎಂದೇ ತಿಳಿದುಕೊಳ್ಳಿ. ಆ ಏಳು ಗಂಟೆ ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ನಾಲ್ಕೂವರೆ. ಅಂಗಡಿ ಮುಚ್ಚಿ ಊಟ ಮಾಡಿ ಮಲಗಿದವರು ಏನು ಮಾಡಬೇಕಿತ್ತು?

ವರ್ಡ್‌ಪ್ರೆಸ್ 2013ರಿಂದ ಸಣ್ಣ ಭದ್ರತಾ ತೇಪೆಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ. ಆದರೂ ಅದಕ್ಕೆ ಅಂಟಿಸುವ ಬೇರೆಯವರ ‘ಪ್ಲಗಿನ್’ಗಳ ಮೇಲೆ ಕಣ್ಣಿಡಲೇಬೇಕು. ಕಳ್ಳರು ನುಗ್ಗುವ ಕಿಟಕಿ ಬಹುಮಟ್ಟಿಗೆ ಅವೇ. ಇಪ್ಪತ್ತು ಪ್ಲಗಿನ್ ಹಾಕಿ ಸಂತೋಷಪಡುವ ಹುಡುಗರು ಇಪ್ಪತ್ತು ಕಿಟಕಿ ಎಂದು ಎಣಿಸಿಕೊಳ್ಳುವುದು ಲೇಸು. ತಿಂಗಳಿಗೊಮ್ಮೆಯಾದರೂ ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲವೆಂದಾದರೆ ಹೋಟೆಲಿನ ಕೋಣೆಯೇ ವಾಸಿ. ಇನ್ನು, ಸಮಯ, ಫೋನ್ ನಂಬರ್, ದಾರಿ ಇಷ್ಟನ್ನೇ ತಿಳಿಸಬೇಕಾದ ಅಂಗಡಿಗೆ ಹಳೆಯ ಕಾಲದ ಒಂದೇ ಒಂದು ಸಾದಾ ಪುಟ ಸಾಕು. ಅದಕ್ಕೆ ದತ್ತಸಂಚಯವೂ ಬೇಡ, ತೇಪೆಯೂ ಬೇಡ. ಇದನ್ನು ಹೇಳುವವರು ಸಿಗುವುದಿಲ್ಲ, ಏಕೆಂದರೆ ಹೇಳಿದವರಿಗೆ ಲಾಭವಿಲ್ಲ.

ಮುಕ್ತ ಲೋಕದಲ್ಲೂ ಜಗಳಗಳಿವೆ. 2024ರ ಸೆಪ್ಟೆಂಬರಿನಲ್ಲಿ ಮುಲ್ಲೆನ್‌ವೆಗ್‌ಗೂ ವರ್ಡ್‌ಪ್ರೆಸ್ ತಾಣಗಳಿಗೆ ಜಾಗ ಕೊಡುವ ಡಬ್ಲ್ಯೂಪಿ ಇಂಜಿನ್ ಕಂಪನಿಗೂ ವ್ಯಾಜ್ಯ ಹುಟ್ಟಿತು. ಪ್ಲಗಿನ್‌ಗಳು ಬರುವ ಕೇಂದ್ರ ಉಗ್ರಾಣದಿಂದ ಆ ಕಂಪನಿಯನ್ನು ಹೊರಗಿಡಲಾಯಿತು. ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯವೊಂದು ಮಧ್ಯಂತರ ಆದೇಶ ನೀಡಿ ಬಾಗಿಲು ತೆರೆಸಿತು. ಈ ನಡುವೆ ಗಿರಾಕಿಗಳಿಗೆ ತೊಂದರೆಯಾದದ್ದು ನಿಜ. ಆದರೆ ಅವರ ತಾಣಗಳು ಮಾಯವಾಗಲಿಲ್ಲ. ಬೇಡವೆಂದವರು ಗಂಟು ಕಟ್ಟಿಕೊಂಡು ಬೇರೆ ಕಡೆ ಹೋಗಬಹುದಾಗಿತ್ತು.

ಹೆಸರು ಯಾರ ಹೆಸರಿನಲ್ಲಿ?

ಎಲ್ಲಿ ಕಟ್ಟಿದರೂ ಬಿಟ್ಟುಕೊಡಬಾರದ ವಸ್ತು ಒಂದಿದೆ. ಅದು ತಾಣದ ಹೆಸರು, ಅಂದರೆ ಡೊಮೇನ್. ಹೆಸರನ್ನು ಒಂದು ಕಡೆ ನೋಂದಾಯಿಸಿ, ತಾಣವನ್ನು ಇನ್ನೊಂದು ಕಡೆ ಇಡಬಹುದು. ಆಗ ತಾಣ ಎಷ್ಟು ಸಲ ಜಾಗ ಬದಲಿಸಿದರೂ ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಹೆಸರು ಬೊಟ್ಟು ಮಾಡಿ ತೋರಿಸುವ ದಿಕ್ಕನ್ನು ಬದಲಿಸಿದರೆ ಆಯಿತು. 2024ರಲ್ಲಿ ಪುಕ್ಕಟೆ ತಾಣವಿದ್ದವರ ಪೈಕಿ ಸ್ವಂತ ಹೆಸರು ಕೊಂಡು ಜೋಡಿಸಿದ್ದವರು ಅದನ್ನು ಹೊಸ ತಾಣಕ್ಕೆ ತಿರುಗಿಸಿಕೊಳ್ಳಬಹುದಾಗಿತ್ತು. ಅವರ ಚೀಲದ ಮೇಲಿನ ವಿಳಾಸ ಕೆಡುವಂತಿರಲಿಲ್ಲ.

ಹೆತ್ತವರು ಇಲ್ಲಿ ಸ್ವಲ್ಪ ಬಿಗಿಯಾಗಿರಬೇಕು. ಹೆಸರನ್ನು ತಾಣ ಮಾಡಿಕೊಟ್ಟವನ ಹೆಸರಿನಲ್ಲಿ ನೋಂದಾಯಿಸಿ, ಅವನು ಊರು ಬಿಟ್ಟ ಮೇಲೆ ಪರದಾಡುವವರುಂಟು. ಮಗನದೇ ಕಾಲೇಜಿನ ಇಮೇಲ್ ಕೊಟ್ಟಿದ್ದು, ಓದು ಮುಗಿದು ಆ ಇಮೇಲ್ ರದ್ದಾಗಿ, ನವೀಕರಣದ ನೆನಪೋಲೆ ಯಾರಿಗೂ ತಲುಪದೆ, ಹೆಸರು ಹರಾಜಿಗೆ ಬೀಳುವುದೂ ಉಂಟು. ಮಗ ಮಾಡಿದನೆಂದು ಜಮೀನಿನ ಪತ್ರವನ್ನು ಅವನ ಶಾಲಾಚೀಲದಲ್ಲಿ ಇಡುತ್ತೇವೆಯೇ?

ಕನ್ನಡದಲ್ಲಿ ತಾಣ ಮಾಡುವವರಿಗೆ ಒಂದು ಕಿವಿಮಾತು. ಹಿಂದೆ ಬೇರೆಬೇರೆ ಫಾಂಟುಗಳ ಸಂಕೇತದಲ್ಲಿ ಮಾಡಿದ ಕನ್ನಡ ತಾಣಗಳು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿದ್ದವು. ಯೂನಿಕೋಡ್ ಬಂದು ಆ ಕಷ್ಟ ತೀರಿತು. ಉಳಿದಿರುವುದು ಚಿಕ್ಕದು: ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಮೂರು ಬೈಟ್, ಪುಟದ ವಿಳಾಸದಲ್ಲಿ ಒಂದೊಂದು ಬೈಟೂ ಮೂರು ಚಿಹ್ನೆಗಳಾಗುತ್ತದೆ. ‘ಕನ್ನಡ’ ಎಂಬುದರಲ್ಲಿ ಯೂನಿಕೋಡ್ ಎಣಿಸುವುದು ಐದು ಘಟಕ. ಹೀಗಾಗಿ ವಿಳಾಸವನ್ನು ನಕಲು ಮಾಡಿ ಅಂಟಿಸಿದಾಗ ಆ ಒಂದು ಪದವೇ 45 ಚಿಹ್ನೆಗಳ ರೈಲಾಗಬಹುದು. ಬರಹ ಕನ್ನಡದಲ್ಲಿರಲಿ, ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಇಟ್ಟುಕೊಳ್ಳಿ.

ಯಾವುದನ್ನೇ ಆರಿಸುವ ಮೊದಲು ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದಾದ ಪ್ರಯೋಗವೊಂದಿದೆ. ಎರಡು ಪುಟ, ನಾಲ್ಕು ಚಿತ್ರಗಳ ಪುಟ್ಟ ತಾಣ ಮಾಡಿ. ಅದನ್ನು ಪೂರ್ತಿ ಇಳಿಸಿಕೊಂಡು, ಬೇರೊಂದು ಕಡೆ ಮತ್ತೆ ನಿಲ್ಲಿಸಲು ಪ್ರಯತ್ನಿಸಿ. ವರ್ಡ್‌ಪ್ರೆಸ್‌ನಲ್ಲಾದರೆ ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಒತ್ತಿದಾಗ ಒಂದು ಕಡತ ಸಿಗುತ್ತದೆ. ಬಹಳ ಜನ ಅದನ್ನು ಪೆನ್‌ಡ್ರೈವಿಗೆ ಹಾಕಿ ನಿಶ್ಚಿಂತರಾಗುತ್ತಾರೆ. ಆ ಕಡತದಲ್ಲಿ ಬರಹವೆಲ್ಲ ಇರುತ್ತದೆ. ಚಿತ್ರಗಳು ಇರುವುದಿಲ್ಲ, ಅವು ಹಳೆಯ ತಾಣದಲ್ಲಿ ಎಲ್ಲಿವೆ ಎಂಬ ವಿಳಾಸ ಮಾತ್ರ ಇರುತ್ತದೆ. ಹೊಸ ತಾಣ ಆ ವಿಳಾಸಕ್ಕೆ ಹೋಗಿ ಒಂದೊಂದಾಗಿ ತಂದುಕೊಳ್ಳುತ್ತದೆ. ಹಳೆಯ ತಾಣ ಆಗಲೇ ಮುಚ್ಚಿಹೋಗಿದ್ದರೆ ತರುವುದು ಎಲ್ಲಿಂದ? ಆದ್ದರಿಂದ ಚಿತ್ರಗಳಿರುವ ‘ಅಪ್‌ಲೋಡ್ಸ್’ ಎಂಬ ಕಪಾಟನ್ನೂ ದತ್ತಸಂಚಯದ ಪ್ರತಿಯನ್ನೂ ಬೇರೆಯಾಗಿ ಇಳಿಸಿಕೊಳ್ಳಬೇಕು. ಪ್ರಯೋಗ ಮುಗಿದ ಮೇಲೆ ಹಳೆಯ ತಾಣವನ್ನು ಅಳಿಸಿ, ಹೊಸದನ್ನು ತೆರೆದು, ನಾಲ್ಕೂ ಚಿತ್ರಗಳು ಇವೆಯೇ ಎಂದು ಎಣಿಸಿ ನೋಡಿ.