ಗೋಡೆಯ ಬಣ್ಣ: ತಿಳಿಯೋ, ಕಡುವೋ?

ಮಳೆಗಾಲ ಕಳೆದು ದೀಪಾವಳಿ ಸಮೀಪಿಸಿತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಮನೆಗಳಲ್ಲಿ ಬಣ್ಣದ ಮಾತು ಮೊದಲಾಗುತ್ತದೆ. ಹಿರಿಯರಿಗೆ ಊರಿನ ಸುಣ್ಣದ ಗೋಡೆಯನ್ನು ನೆನಪಿಸುವ ತಿಳಿ ಕೆನೆಬಣ್ಣ ಬೇಕು. ಕಿರಿಯರಿಗೆ ಕಡುನೀಲಿಯ ಮೋಹ. ಇದು ಕೇವಲ ಅಭಿರುಚಿಯ ಪ್ರಶ್ನೆಯೆಂದು ತೋರಿದರೂ ಮನೆಮಂದಿಯ ಆರೋಗ್ಯಕ್ಕೂ ಇದಕ್ಕೂ ನಿಕಟ ಸಂಬಂಧವುಂಟು.

ಮೊದಲು ಬೆಳಕಿನ ಲೆಕ್ಕವನ್ನು ನೋಡೋಣ. ಬಿಳಿಯ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಭಾಗವನ್ನು ಕೋಣೆಗೆ ಹಿಂದಿರುಗಿಸುತ್ತದೆ; ಕೆನೆಬಣ್ಣ ಅದಕ್ಕಿಂತ ತುಸು ಕಡಿಮೆ. ಕಡುನೀಲಿಯಾದರೋ 10 ಭಾಗದಷ್ಟನ್ನು ಮಾತ್ರ ಮರಳಿಸಿ ಉಳಿದುದನ್ನು ನುಂಗಿಬಿಡುತ್ತದೆ. ಕಟ್ಟಡಕ್ಕೆ ಕಟ್ಟಡ ಒತ್ತಿ ನಿಂತಿರುವೆಡೆ, ಒಂದೇ ಕಿಟಕಿಯ ಕೋಣೆಯಲ್ಲಿ ಈ ವ್ಯತ್ಯಾಸ ಅಲ್ಪವಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕುಗ್ಗಿ, ಮಸೂರ ಹಳದಿಗಟ್ಟುವುದರಿಂದ, ಇಪ್ಪತ್ತರ ಕಣ್ಣಿಗೆ ಸಾಕಾಗುವುದರ ಸುಮಾರು ಮೂರು ಪಟ್ಟು ಬೆಳಕು ಅರುವತ್ತರ ಕಣ್ಣಿಗೆ ಬೇಕಾಗುತ್ತದೆ. ಮಂದ ಬೆಳಕಿನಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಳ್ಳುವ ಭಯವೂ ವೃದ್ಧರಿಗೇ ಹೆಚ್ಚು.

ಹಾಗೆಂದು ಕಡುಬಣ್ಣವು ತ್ಯಾಜ್ಯವೇನೂ ಅಲ್ಲ. ಗೋಡೆ, ಬಾಗಿಲು, ಸ್ವಿಚ್ಚಿನ ಫಲಕ ಎಲ್ಲವೂ ಬಿಳಿಯಾದರೆ ಮಂಜುಗಣ್ಣಿನವರಿಗೆ ಅಂಚುಗಳು ಗೋಚರಿಸುವುದಿಲ್ಲ. ತಿಳಿಗೋಡೆಯ ನಡುವೆ ಬಾಗಿಲ ಚೌಕಟ್ಟು ಕಡುನೀಲಿಯಾಗಿದ್ದರೆ ನಡುರಾತ್ರಿ ಸಣ್ಣ ದೀಪದಲ್ಲಿಯೂ ದಾರಿ ತಿಳಿಯುತ್ತದೆ.

ಇನ್ನು ತೇವದ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ನೆನೆದ ಗೋಡೆಗೆ ಬೂಷ್ಟು ಹಿಡಿದರೆ ಅದರ ಕಣಗಳು ಆಸ್ತಮಾ ರೋಗಿಗಳನ್ನು ಕಾಡುತ್ತವೆ. ಕಪ್ಪು ಬೂಷ್ಟನ್ನು ತಿಳಿಬಣ್ಣ ಕೂಡಲೇ ತೋರಿಸಿಕೊಡುತ್ತದೆ, ಕಡುಬಣ್ಣ ಮರೆಮಾಚುತ್ತದೆ. ಸೋರಿಕೆ ನಿಲ್ಲದೆ, ಗೋಡೆ ಒಣಗದೆ ಯಾವ ಬಣ್ಣ ಬಳಿದರೂ ಹಣ ವ್ಯರ್ಥ.

ಬಣ್ಣ ಯಾವುದೇ ಇರಲಿ, ಅದರೊಳಗಿನ ಸೀಸದ ಬಗ್ಗೆ ಎಚ್ಚರ ಅವಶ್ಯ. ಕೇಂದ್ರ ಸರಕಾರದ 2016ರ ನಿಯಮವು ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸಿದೆ. ಆದರೆ ಹಳೆಯ ಮನೆಗಳ ಕಿಟಕಿ ಬಾಗಿಲುಗಳಲ್ಲಿ ಹಿಂದಿನ ಎಣ್ಣೆಬಣ್ಣದ ಪದರುಗಳು ಉಳಿದಿರಬಹುದು. ಅವನ್ನು ಒಣಗಿದ್ದಂತೆಯೇ ಪಾಲಿಶ್ ಪೇಪರಿನಿಂದ ಉಜ್ಜಿದರೆ ಏಳುವ ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಆದುದರಿಂದ ನೀರಿನಿಂದ ತೋಯಿಸಿಯೇ ಉಜ್ಜಿಸಬೇಕು. ಕೆಲಸ ಮುಗಿದು, ಒದ್ದೆ ಬಟ್ಟೆಯಿಂದ ನೆಲ ಒರೆಸುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬಂಧುಗಳ ಮನೆಯಲ್ಲಿರಿಸುವುದು ಲೇಸು.

ಗೋಡೆಗೆ ತಿಳಿ, ಅಂಚಿಗೆ ಕಡು. ಹೀಗೆ ಪಾಲು ಹಂಚಿದರೆ ಹಿರಿಯರ ಕಣ್ಣಿಗೂ ಕಿರಿಯರ ಮನಸ್ಸಿಗೂ ಹಿತ.